ಗ್ನೂಪ್ಲಾಟ್ ಗ್ರಾಫಿಗೆ ಇನ್ನೊಂದು ಗೆರೆ ಸೇರಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಜಲಾಶಯದ ಮಟ್ಟ, ಸಂಗ್ರಹ, ಒಳಹರಿವು, ಹೊರಹರಿವು: ಇವನ್ನು ದಿನಾ ಫೈಲಿಗೆ ತುಂಬಿ, ಗ್ನೂಪ್ಲಾಟ್‌ನಿಂದ (ಆಜ್ಞೆ ಬರೆದು ಗ್ರಾಫ್ ಎಳೆಸುವ ತಂತ್ರಾಂಶ) ತಾನಾಗೇ ಗ್ರಾಫ್ ಬರುವ ಹಾಗೆ ಮಾಡಿಕೊಂಡವರು ನಮ್ಮಲ್ಲಿ ಸಾಕಷ್ಟು ಜನ ಇದ್ದಾರೆ. ಮೊದಲ ಗೆರೆ ಸುಲಭವಾಗಿ ಬರುತ್ತದೆ. ಎರಡನೆಯದು, ಮೂರನೆಯದು ಸೇರಿಸಲು ಹೊರಟಾಗ ಪ್ರಶ್ನೆಗಳು ಶುರುವಾಗುತ್ತವೆ. ಜಾಸ್ತಿ ಕೇಳುವವಕ್ಕೆ ಇಲ್ಲಿ ಉತ್ತರ ಬರೆದಿದ್ದೇನೆ. ಆಜ್ಞೆಗಳನ್ನು ಓದುವ ಹಾಗೆ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಮಾಡಿ.

ಉದಾಹರಣೆಗೆಲ್ಲ ಒಂದೇ ರೀತಿಯ ಫೈಲ್ ಇಟ್ಟುಕೊಂಡಿದ್ದೇನೆ. ಪ್ರತಿ ಜಲಾಶಯಕ್ಕೂ ಒಂದೊಂದು ಸಿಎಸ್‌ವಿ, ಅಂದರೆ ಕಾಲಂಗಳ ನಡುವೆ ಅಲ್ಪವಿರಾಮ ಇರುವ ಫೈಲ್. ಕಾಲಂ 1 ದಿನಾಂಕ, 2 ಮಟ್ಟ, 3 ಸಂಗ್ರಹ (ಟಿಎಂಸಿ), 4 ಒಳಹರಿವು (ಕ್ಯೂಸೆಕ್, ಅಂದರೆ ಸೆಕೆಂಡಿಗೆ ಇಷ್ಟು ಘನ ಅಡಿ), 5 ಹೊರಹರಿವು (ಕ್ಯೂಸೆಕ್).

ಇರುವ ಗ್ರಾಫಿಗೆ ಇನ್ನೊಂದು ಗೆರೆ ಸೇರಿಸೋದು ಹೇಗೆ?

ಅಲ್ಪವಿರಾಮ ಹಾಕಿ. ಅಷ್ಟೇ.

ಪ್ಲಾಟ್ 'ಕೆಆರ್‌ಎಸ್.ಸಿಎಸ್‌ವಿ' ಯೂಸಿಂಗ್ 1:4 ವಿತ್ ಲೈನ್ಸ್ ಟೈಟಲ್ "ಒಳಹರಿವು", '' ಯೂಸಿಂಗ್ 1:5 ವಿತ್ ಲೈನ್ಸ್ ಟೈಟಲ್ "ಹೊರಹರಿವು"

ಎರಡನೇ ಕಡೆ ಖಾಲಿ ಉದ್ಧರಣ ಚಿಹ್ನೆ ಇದೆ ನೋಡಿ. ಹಿಂದಿನ ಫೈಲನ್ನೇ ಮತ್ತೆ ಓದು ಅಂತ ಅದರ ಅರ್ಥ. ಬೇರೆ ಫೈಲ್ ಆದರೆ ಅಲ್ಲಿ ಅದರ ಹೆಸರು ಬರೆಯಿರಿ. ಸಾಲು ಉದ್ದವಾದರೆ ಕೊನೆಗೆ ಹಿಂಗೀಟು (ಬ್ಯಾಕ್‌ಸ್ಲ್ಯಾಶ್) ಹಾಕಿ ಮುಂದಿನ ಸಾಲಿಗೆ ಹೋಗಬಹುದು. ಆದರೆ ಆ ಗೀಟಿನ ನಂತರ ಏನೂ ಇರಬಾರದು, ಒಂದು ಸ್ಪೇಸ್ ಕೂಡ. "ಅಲ್ಪವಿರಾಮ ಹಾಕಿದರೂ ಎರಡನೇ ಗೆರೆ ಬರ್ತಿಲ್ಲ" ಅನ್ನುವ ದೂರುಗಳಲ್ಲಿ ಎಷ್ಟೋ ಸಲ ಕಾರಣ ಆ ಕಾಣದ ಸ್ಪೇಸೇ ಆಗಿರುತ್ತದೆ.

ಸಿಎಸ್‌ವಿ ಕೊಟ್ಟರೆ ಏನೂ ಬರೋದಿಲ್ಲ, ಯಾಕೆ?

ಗ್ನೂಪ್ಲಾಟ್ ಮೊದಲಿನಿಂದಲೂ ಕಾಲಂಗಳ ನಡುವೆ ಸ್ಪೇಸ್ ಇರುತ್ತದೆ ಎಂದುಕೊಳ್ಳುತ್ತದೆ. ಸೆಟ್ ಡೇಟಾಫೈಲ್ ಸೆಪರೇಟರ್ "," ಎಂದು ಮೊದಲೇ ಹೇಳಬೇಕು. ತಲೆಸಾಲಿಗೆ ಸೆಟ್ ಕೀ ಆಟೋಟೈಟಲ್ ಕಾಲಂಹೆಡ್ ಅಂದರೆ ಎರಡು ಕೆಲಸ ಒಟ್ಟಿಗೆ ಆಗುತ್ತದೆ: ಮೊದಲ ಸಾಲನ್ನು ಅಂಕಿ ಅಂತ ಓದುವುದಿಲ್ಲ, ಜತೆಗೆ ಅದರಲ್ಲಿರುವ ಹೆಸರುಗಳೇ ಗೆರೆಗಳ ಹೆಸರಾಗುತ್ತವೆ.

ದಿನಾಂಕಕ್ಕೂ ಹೇಳಿಕೊಡಬೇಕು. ಸೆಟ್ ಎಕ್ಸ್‌ಡೇಟಾ ಟೈಮ್ ಹಾಕಿ, ಸೆಟ್ ಟೈಮ್‌ಎಫ್‌ಎಂಟಿಯಲ್ಲಿ ನಿಮ್ಮ ಫೈಲಿನ ದಿನಾಂಕ ಹೇಗಿದೆ ಎಂದು ತಿಳಿಸಿ. ಇದಾದ ಮೇಲೆ ಪ್ರತಿ ಗೆರೆಗೂ ಯೂಸಿಂಗ್ ಬರೆಯಲೇಬೇಕು. ಒಂದಕ್ಕೆ ಮರೆತರೂ "ನೀಡ್ ಫುಲ್ ಯೂಸಿಂಗ್ ಸ್ಪೆಕ್ ಫಾರ್ ಎಕ್ಸ್ ಟೈಮ್ ಡೇಟಾ" ಎಂದು ನಿಂತುಬಿಡುತ್ತದೆ. ಹೊಸ ಗೆರೆಯನ್ನು ಅವಸರದಲ್ಲಿ ಸೇರಿಸಿದಾಗ ಬರುವ ದೋಷ ಇದು. ಹಳೆಯ ಸಾಲು ಸರಿಯಾಗಿಯೇ ಇರುತ್ತದೆ, ಹೊಸದನ್ನು ನೋಡಿ.

ದಿನಾಂಕವನ್ನು ವರ್ಷ-ತಿಂಗಳು-ದಿನ ಕ್ರಮದಲ್ಲೇ ಇಡಿ, ತಿಂಗಳಿಗೆ ದಿನಕ್ಕೆ ಎರಡೆರಡು ಅಂಕಿ ಇರಲಿ. ಆಗ ಅಕ್ಷರ ಕ್ರಮವೂ ಕಾಲ ಕ್ರಮವೂ ಒಂದೇ ಆಗುತ್ತದೆ. ಕೆಳಗೆ ಎರಡು ಫೈಲ್ ಜೋಡಿಸುವಾಗ ಇದರ ಬೆಲೆ ಗೊತ್ತಾಗುತ್ತದೆ.

ರೀಪ್ಲಾಟ್ ಬಳಸಿ ಸೇರಿಸಬಹುದಲ್ವಾ?

ಪರದೆಯ ಮುಂದೆ ಕೂತು ಒಂದೊಂದೇ ಗೆರೆ ಹಾಕಿ ನೋಡುವಾಗ ರೀಪ್ಲಾಟ್ ತುಂಬಾ ಚೆನ್ನಾಗಿದೆ. ರೀಪ್ಲಾಟ್ ಅಂದು ಹೊಸ ಫೈಲ್ ಹೆಸರು ಕೊಟ್ಟರೆ ಇದ್ದದ್ದರ ಜತೆ ಅದೂ ಬರುತ್ತದೆ. ಆದರೆ ತಾನಾಗಿ ಓಡುವ ಸ್ಕ್ರಿಪ್ಟಿನಲ್ಲಿ ಬೇಡ. ಔಟ್‌ಪುಟ್ ಫೈಲಿಗೆ ಹೋಗುತ್ತಿರುವಾಗ ಪ್ರತಿ ರೀಪ್ಲಾಟೂ ಇಡೀ ಚಿತ್ರವನ್ನು ಮತ್ತೊಮ್ಮೆ ಬರೆಯುತ್ತದೆ. ಪಿಡಿಎಫ್ ಆದರೆ ಪುಟದ ಮೇಲೆ ಪುಟ ಸೇರುತ್ತಾ ಹೋಗುತ್ತದೆ, ಕೊನೆಯ ಪುಟದಲ್ಲಿ ಮಾತ್ರ ಎಲ್ಲ ಗೆರೆ ಇರುತ್ತವೆ. ಸ್ಕ್ರಿಪ್ಟಿನಲ್ಲಿ ಒಂದೇ ಪ್ಲಾಟ್ ಆಜ್ಞೆ, ಅದರೊಳಗೆ ಎಲ್ಲ ಗೆರೆ.

ಹತ್ತಾರು ಗೆರೆ ಇದ್ದರೆ ಎಲ್ಲವನ್ನೂ ಕೈಯಲ್ಲೇ ಬರೆಯಬೇಕಾ?

ಬೇಡ. 2010ರಲ್ಲಿ ಬಂದ 4.4ನೇ ಆವೃತ್ತಿಯಿಂದ ಪ್ಲಾಟ್ ಒಳಗೇ ಫಾರ್ ಹಾಕಬಹುದು. ಕಾಲಂಗಳ ಮೇಲೆ ಸುತ್ತಬೇಕಾದರೆ:

ಪ್ಲಾಟ್ ಫಾರ್ [ಐ=4:5] 'ಕೆಆರ್‌ಎಸ್.ಸಿಎಸ್‌ವಿ' ಯೂಸಿಂಗ್ 1:ಐ ವಿತ್ ಲೈನ್ಸ್

ಫೈಲ್‌ಗಳ ಮೇಲೆ ಸುತ್ತಬೇಕಾದರೆ:

ಪ್ಲಾಟ್ ಫಾರ್ [ಎಫ್ ಇನ್ "ಕೆಆರ್‌ಎಸ್ ಕಬಿನಿ ಹೇಮಾವತಿ ಹಾರಂಗಿ"] ಎಫ್.'.ಸಿಎಸ್‌ವಿ' ಯೂಸಿಂಗ್ 1:3 ವಿತ್ ಲೈನ್ಸ್ ಟೈಟಲ್ ಎಫ್

ಎಫ್ ನಂತರದ ಚುಕ್ಕಿ ಎರಡು ಪದಗಳನ್ನು ಅಂಟಿಸುತ್ತದೆ. ಪಟ್ಟಿಗೆ ಇನ್ನೊಂದು ಹೆಸರು ಸೇರಿಸಿದರೆ ಇನ್ನೊಂದು ಗೆರೆ, ಬೇರೇನೂ ಮುಟ್ಟಬೇಕಿಲ್ಲ.

ಫೋಲ್ಡರಿನಲ್ಲಿರುವ ಸಿಎಸ್‌ವಿಗಳನ್ನೆಲ್ಲ ತಾನೇ ಹುಡುಕಿಕೊಳ್ಳಲಿ ಎಂದು ಸಿಸ್ಟಂ ಆಜ್ಞೆಯಿಂದ ಪಟ್ಟಿ ತರಿಸುವವರಿದ್ದಾರೆ. ಅನುಕೂಲವೇ, ಆದರೆ ನನಗೆ ಅದು ಇಷ್ಟವಿಲ್ಲ. ಮುಂದಿನ ಪ್ರಶ್ನೆ ನೋಡಿ.

ಹೊಸ ಗೆರೆ ಸೇರಿಸಿದ ಮೇಲೆ ಹಳೆಯ ಗೆರೆಗಳ ಬಣ್ಣ ಬದಲಾಯಿತು!

ಗ್ನೂಪ್ಲಾಟ್ ಬಣ್ಣ ಕೊಡುವುದು ಸ್ಥಾನ ನೋಡಿ, ಹೆಸರು ನೋಡಿ ಅಲ್ಲ. ಮೊದಲ ಗೆರೆಗೆ ಮೊದಲ ಬಣ್ಣ, ಎರಡನೆಯದಕ್ಕೆ ಎರಡನೇ ಬಣ್ಣ. ಫೈಲ್ ಪಟ್ಟಿ ಅಕ್ಷರ ಕ್ರಮದಲ್ಲಿ ಬರುತ್ತಿದ್ದು, ನೀವು ಆಲಮಟ್ಟಿಯ ಫೈಲನ್ನು ಫೋಲ್ಡರಿಗೆ ಹಾಕಿದಿರಿ ಎನ್ನಿ. ಅದು ಪಟ್ಟಿಯ ತಲೆಗೆ ಬಂದು ಕೂರುತ್ತದೆ. ಉಳಿದವೆಲ್ಲ ಒಂದೊಂದು ಸ್ಥಾನ ಕೆಳಗೆ ಜಾರುತ್ತವೆ, ಬಣ್ಣಗಳೂ ಜಾರುತ್ತವೆ. ನಿನ್ನೆವರೆಗೆ ಕಬಿನಿಗೆ ಇದ್ದ ಬಣ್ಣ ಇವತ್ತು ಇನ್ನೊಂದರದು. ದಿನಾ ನೋಡುವವರು ಕೆಳಗಿನ ಹೆಸರುಗಳನ್ನು ಓದುವುದಿಲ್ಲ, ಬಣ್ಣ ನೋಡಿಯೇ ಅರ್ಥ ಮಾಡಿಕೊಳ್ಳುತ್ತಾರೆ. ಗ್ರಾಫ್ ಸರಿಯಾಗಿಯೇ ಇರುತ್ತದೆ, ಓದುವವರು ಮಾತ್ರ ತಪ್ಪು ಓದುತ್ತಾರೆ. ಇದಕ್ಕಿಂತ ಕೆಟ್ಟ ತಪ್ಪು ಇನ್ನೊಂದಿಲ್ಲ, ಯಾಕೆಂದರೆ ಯಾವ ಎಚ್ಚರಿಕೆಯ ಸಂದೇಶವೂ ಬರುವುದಿಲ್ಲ.

ಪರಿಹಾರ ಸರಳ. ಪ್ರತಿ ಜಲಾಶಯಕ್ಕೂ ಒಂದು ಲೈನ್‌ಟೈಪ್ ಸಂಖ್ಯೆ ಕಾಯಂ ಮಾಡಿ. ಸೆಟ್ ಲೈನ್‌ಟೈಪ್ 11, 12, 13 ಎಂದು ಬಣ್ಣ ನಿಗದಿ ಮಾಡಿ ಒಂದು ಬೇರೆ ಫೈಲಿನಲ್ಲಿ ಇಟ್ಟುಬಿಡಿ, ಎಲ್ಲ ಸ್ಕ್ರಿಪ್ಟುಗಳೂ ಲೋಡ್ ಆಜ್ಞೆಯಿಂದ ಅದನ್ನೇ ಓದಲಿ. ಹೊಸ ಜಲಾಶಯ ಬಂದರೆ ಹೊಸ ಸಂಖ್ಯೆ, ಹಳೆಯದನ್ನು ಯಾರಿಗೂ ಕೊಡಬೇಡಿ. ಇನ್ನೊಂದು ವಿಷಯ: 5ನೇ ಆವೃತ್ತಿಯಿಂದೀಚೆಗೆ ಸಿದ್ಧ ಬಣ್ಣಗಳು ಎಂಟೇ, ಒಂಬತ್ತನೇ ಗೆರೆಗೆ ಮತ್ತೆ ಮೊದಲ ಬಣ್ಣವೇ ಬರುತ್ತದೆ. ಬಣ್ಣಗುರುಡು ಇರುವವರಿಗೂ ಬೇರೆ ಬೇರೆಯಾಗಿ ಕಾಣುವಂಥದ್ದು ಬೇಕಾದರೆ ಸೆಟ್ ಕಲರ್‌ಸೀಕ್ವೆನ್ಸ್ ಪೋಡೋ ಇದೆ. ನಾನು ಮೊದಲಿಂದಲೇ ಅದನ್ನು ಹಾಕಿ ಅನ್ನುತ್ತೇನೆ.

ಕೆಆರ್‌ಎಸ್ ಮತ್ತು ಕಬಿನಿಯ ನೀರಿನ ಮಟ್ಟ ಒಂದೇ ಗ್ರಾಫಿನಲ್ಲಿ ಹಾಕಿದೆ, ಎರಡೂ ನೇರ ಗೆರೆಗಳಾಗಿವೆ. ಏನು ತಪ್ಪು?

ಆಜ್ಞೆ ತಪ್ಪಿಲ್ಲ, ಅಳತೆ ಬೇರೆ. ಕೆಆರ್‌ಎಸ್‌ನ ಪೂರ್ಣ ಮಟ್ಟ 124.80 ಅಡಿ, ಅದು ಆ ಅಣೆಕಟ್ಟಿನದೇ ಬುಡದಿಂದ ಎಣಿಸಿದ್ದು. ಕಬಿನಿಯದು 2284 ಅಡಿ, ಹೇಮಾವತಿಯದು 2922, ಹಾರಂಗಿಯದು 2859. ಇವೆಲ್ಲ ಸಮುದ್ರಮಟ್ಟದಿಂದ. ಆಲಮಟ್ಟಿಯದು 519.60, ಆದರೆ ಅದು ಅಡಿಯಲ್ಲ, ಮೀಟರ್. ಪತ್ರಿಕೆಯ ಕೋಷ್ಟಕದಲ್ಲಿ ಎಲ್ಲವೂ "ಮಟ್ಟ" ಅನ್ನುವ ಒಂದೇ ತಲೆಬರಹದ ಕೆಳಗೆ ಇರುತ್ತವೆ, ಹಾಗಾಗಿ ಒಂದೇ ಗ್ರಾಫಿಗೆ ಹಾಕಬಹುದು ಅನಿಸುತ್ತದೆ. ಹಾಕಿದರೆ ಕೆಆರ್‌ಎಸ್ ತಳದಲ್ಲಿ, ಕಬಿನಿ ನೆತ್ತಿಯಲ್ಲಿ. ನಡುವೆ ಎರಡು ಸಾವಿರ ಅಡಿ ಖಾಲಿ ಜಾಗ. ಮೂವತ್ತು ನಲವತ್ತು ಅಡಿಯ ಏರಿಳಿತ ಅಲ್ಲಿ ಎಲ್ಲಿ ಕಾಣಬೇಕು?

ಎರಡು ಗೆರೆಗಳನ್ನು ಒಂದೇ ಅಕ್ಷದ ಮೇಲೆ ಹಾಕಿದರೆ "ಇವೆರಡನ್ನೂ ಹೋಲಿಸಬಹುದು" ಎಂದು ಓದುವವರಿಗೆ ನೀವು ಮಾತು ಕೊಟ್ಟ ಹಾಗೆ. ಅದಕ್ಕೆ ಅಲ್ಪವಿರಾಮ ಹಾಕುವ ಮೊದಲು ಮೂರು ವಿಷಯ ಕೇಳಿಕೊಳ್ಳಿ: ಮೂಲಮಾನ ಒಂದೇನಾ, ಸೊನ್ನೆ ಒಂದೇ ಕಡೆ ಇದೆಯಾ, ಅಳೆದ ಹೊತ್ತು ಒಂದೇನಾ.

ಜಲಾಶಯಗಳನ್ನು ಹೋಲಿಸಲು ಮಟ್ಟ ಬಿಡಿ, ಸಂಗ್ರಹ ತೆಗೆದುಕೊಳ್ಳಿ. ಅದನ್ನೂ ಪೂರ್ಣ ಸಾಮರ್ಥ್ಯದ ಶೇಕಡಾವಾರಿಗೆ ಬದಲಿಸಿ. ಕೆಆರ್‌ಎಸ್ 49.45 ಟಿಎಂಸಿ, ಹೇಮಾವತಿ 37.10, ಕಬಿನಿ 19.52, ಹಾರಂಗಿ 8.50. ಯೂಸಿಂಗ್ ಒಳಗೇ ಲೆಕ್ಕ ಮಾಡಬಹುದು, ಲೆಕ್ಕವನ್ನು ಕಂಸದಲ್ಲಿ ಹಾಕಿ ಕಾಲಂ ಮುಂದೆ ಡಾಲರ್ ಚಿಹ್ನೆ ಇಟ್ಟರೆ ಸಾಕು:

ಯೂಸಿಂಗ್ 1:($3/49.45*100)

ಈಗ ನಾಲ್ಕೂ ಗೆರೆ 0ರಿಂದ 100ರೊಳಗೆ ಬರುತ್ತವೆ. ಹಾರಂಗಿ ಪುಟ್ಟದು, ಬೇಗ ತುಂಬುತ್ತದೆ. ಹೇಮಾವತಿ ನಿಧಾನ. ಅಂಥದ್ದೆಲ್ಲ ಕಣ್ಣಿಗೆ ಕಾಣುತ್ತದೆ. ಒಂದು ಎಚ್ಚರ: ಕೆಲವು ಕೋಷ್ಟಕಗಳಲ್ಲಿ ಒಟ್ಟು ಸಂಗ್ರಹ ಇರುತ್ತದೆ, ಕೆಲವದರಲ್ಲಿ ಬಳಕೆಗೆ ಸಿಗುವ ಸಂಗ್ರಹ ಮಾತ್ರ. ಎರಡನ್ನು ಬೆರೆಸಬೇಡಿ. ಮೇಲಿನ ಅಂಕಿಗಳು ಒಟ್ಟು ಸಾಮರ್ಥ್ಯದವು.

ಮಟ್ಟ ಮತ್ತು ಒಳಹರಿವು ಎರಡೂ ಒಂದೇ ಚಿತ್ರದಲ್ಲಿ ಬೇಕೇ ಬೇಕು. ಬಲಗಡೆ ಇನ್ನೊಂದು ಅಕ್ಷ ಹಾಕಲಾ?

ಒಂದೇ ಜಲಾಶಯದ ಮಟ್ಟ ಮತ್ತು ಒಳಹರಿವು ಆದರೆ ಹಾಕಿ. ಒಂದು ಇನ್ನೊಂದಕ್ಕೆ ಕಾರಣ, ಒಟ್ಟಿಗೆ ನೋಡಿದರೆ ಅರ್ಥ ಇದೆ. ಒಳಹರಿವಿನ ಗೆರೆಗೆ ಆಕ್ಸೀಸ್ ಎಕ್ಸ್1ವೈ2 ಸೇರಿಸಿ, ಸೆಟ್ ವೈ2ಟಿಕ್ಸ್ ಹಾಕಿ. ಜತೆಗೆ ಸೆಟ್ ವೈಟಿಕ್ಸ್ ನೋಮಿರರ್ ಅನ್ನುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಎಡಗಡೆಯ ಗುರುತುಗಳು ಬಲಗಡೆಯೂ ಬಂದು ಎರಡು ಅಳತೆ ಒಂದರ ಮೇಲೊಂದು ಕೂರುತ್ತವೆ. ಒಳಹರಿವನ್ನು ಗೆರೆಯ ಬದಲು ವಿತ್ ಇಂಪಲ್ಸಸ್ ಮಾಡಿ, ಮೇಲೆ ಗೆರೆ, ಕೆಳಗೆ ಕಡ್ಡಿಗಳು. ಯಾವುದು ಯಾವ ಅಕ್ಷದ್ದು ಎಂದು ಹೇಳಲೇ ಬೇಕಿಲ್ಲ.

ಎರಡು ಬೇರೆ ಜಲಾಶಯಗಳ ಮಟ್ಟಕ್ಕೆ ಎರಡು ಅಕ್ಷ ಮಾತ್ರ ದಯವಿಟ್ಟು ಬೇಡ. ಅಕ್ಷಗಳನ್ನು ಹೇಗೆ ಎಳೆದರೆ ಹಾಗೆ ಗೆರೆಗಳು ಒಂದನ್ನೊಂದು ದಾಟುತ್ತವೆ. ಆ ದಾಟಿದ ಜಾಗಕ್ಕೆ ಅರ್ಥವೇ ಇರುವುದಿಲ್ಲ, ಆದರೆ ನೋಡುವವರ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ. ಅದರ ಬದಲು ಮಲ್ಟಿಪ್ಲಾಟ್ ಲೇಔಟ್‌ನಲ್ಲಿ ಒಂದರ ಕೆಳಗೊಂದು ಇಡಿ. ಆಗ ಸೆಟ್ ಎಲ್‌ಮಾರ್ಜಿನ್ (ಎಡಗಡೆಯ ಅಂಚು) ಎರಡಕ್ಕೂ ಒಂದೇ ಇರಲಿ. ಇಲ್ಲದಿದ್ದರೆ 124ಕ್ಕೆ ಬೇಕಾದ ಜಾಗ ಬೇರೆ, 2284ಕ್ಕೆ ಬೇಕಾದ ಜಾಗ ಬೇರೆ, ಮೇಲಿನ ಆಗಸ್ಟ್ ಕೆಳಗಿನ ಆಗಸ್ಟಿಗೆ ನೇರವಾಗಿ ಕೂರುವುದಿಲ್ಲ.

ಪೂರ್ಣ ಮಟ್ಟದ ಅಡ್ಡಗೆರೆ ಬೇಕು.

ಅದೂ ಒಂದು ಗೆರೆಯೇ, ಫೈಲ್ ಬೇಕಿಲ್ಲ. ಅಲ್ಪವಿರಾಮದ ನಂತರ 124.80 ಟೈಟಲ್ "ಪೂರ್ಣ ಮಟ್ಟ" ಅಂತ ಬರೆಯಿರಿ. ಡ್ಯಾಶ್‌ಟೈಪ್ 2 ಕೊಟ್ಟರೆ ತುಂಡು ಗೆರೆಯಾಗಿ ಬರುತ್ತದೆ.

ಈ ವರ್ಷದ ಗೆರೆ ಜತೆ ಹೋದ ವರ್ಷದ್ದೂ ಹಾಕಿದೆ. ಒಂದರ ಪಕ್ಕ ಒಂದು ಬರುತ್ತಿವೆ, ಒಂದರ ಮೇಲೊಂದು ಬರುತ್ತಿಲ್ಲ.

ದಿನಾಂಕದಲ್ಲಿ ವರ್ಷವೂ ಇದೆಯಲ್ಲ, ಅದಕ್ಕೆ. 2023ರ ಜುಲೈ ಮತ್ತು 2024ರ ಜುಲೈ ಗ್ನೂಪ್ಲಾಟ್‌ಗೆ ಒಂದು ವರ್ಷ ದೂರದ ಜಾಗಗಳು. ದಿನಾಂಕದ ಬದಲು "ಶುರುವಿನಿಂದ ಎಷ್ಟನೇ ದಿನ" ಅನ್ನುವುದು ಎಕ್ಸ್ ಆಗಬೇಕು.

ಶುರು ಯಾವುದು? ಜನವರಿ 1 ಬೇಡ. ಕಾವೇರಿಯ ಜಲವರ್ಷ ಜೂನ್ 1ರಿಂದ ಮೇ 31. ಮಳೆಗಾಲ ಶುರುವಾಗುವುದೂ ಆಗಲೇ. ಜನವರಿಯಿಂದ ಹಾಕಿದರೆ ಬೇಸಿಗೆಯಲ್ಲಿ ನೀರು ಇಳಿಯುವ ಕಥೆ ಎರಡು ವರ್ಷಗಳಿಗೆ ಹರಿದು ಹಂಚಿಹೋಗುತ್ತದೆ. ಜೂನ್‌ನಿಂದ ಹಾಕಿದರೆ ತುಂಬುವುದು, ನಿಲ್ಲುವುದು, ಖಾಲಿಯಾಗುವುದು ಒಂದೇ ಓಟದಲ್ಲಿ ಕಾಣುತ್ತದೆ.

ಲೆಕ್ಕ ಹೀಗೆ: ಟೈಮ್‌ಕಾಲಂ ಒಂದನೇ ಕಾಲಂನ ದಿನಾಂಕವನ್ನು ಸೆಕೆಂಡುಗಳಾಗಿ ಕೊಡುತ್ತದೆ. ಎಸ್‌ಟಿಆರ್‌ಪಿಟೈಮ್ ಬಳಸಿ ಆ ಜಲವರ್ಷದ ಜೂನ್ 1ನ್ನೂ ಸೆಕೆಂಡು ಮಾಡಿ. ಮೊದಲನೆಯದರಲ್ಲಿ ಎರಡನೆಯದನ್ನು ಕಳೆದು 86400ರಿಂದ ಭಾಗಿಸಿ. ಸಿಕ್ಕಿದ್ದು ದಿನಗಳು. ಇದಕ್ಕೆ ಮೊದಲು ಅನ್‌ಸೆಟ್ ಎಕ್ಸ್‌ಡೇಟಾ ಮಾಡಿರಬೇಕು, ಈಗ ಎಕ್ಸ್ ಬರೀ ಸಂಖ್ಯೆ. ಅಧಿಕ ವರ್ಷ ಬಂದರೆ ಫೆಬ್ರವರಿ 29ರ ನಂತರ ಒಂದು ದಿನದ ಜರುಗು ಇರುತ್ತದೆ. ಜಲಾಶಯದ ಗ್ರಾಫಿಗೆ ಅದು ಕಣ್ಣಿಗೂ ಬೀಳುವುದಿಲ್ಲ, ತಲೆ ಕೆಡಿಸಿಕೊಳ್ಳಬೇಡಿ.

ವರ್ಷಗಳು ಜಾಸ್ತಿಯಾದರೆ ಪ್ರತಿಯೊಂದಕ್ಕೂ ಬಣ್ಣ ಕೊಡಲು ಹೋಗಬೇಡಿ. ಹಿಂದಿನ ವರ್ಷಗಳೆಲ್ಲ ತೆಳು ಬೂದು, ಹೆಸರೂ ಬೇಡ, ನೋಟೈಟಲ್ ಸಾಕು. ಈ ವರ್ಷದ್ದು ದಪ್ಪ ನೀಲಿ. ಬೇಕಾದರೆ 2023ರದ್ದನ್ನು ಮಾತ್ರ ಕೆಂಪು ಮಾಡಿ, ಆ ಬರಗಾಲದಲ್ಲಿ ಕೆಆರ್‌ಎಸ್ ತುಂಬಲೇ ಇಲ್ಲ. ಗ್ನೂಪ್ಲಾಟ್ ಬರೆದ ಕ್ರಮದಲ್ಲೇ ಎಳೆಯುತ್ತದೆ, ಕೊನೆಗೆ ಬರೆದದ್ದು ಎಲ್ಲದರ ಮೇಲೆ ಬರುತ್ತದೆ. ಹಾಗಾಗಿ ಬೂದು ಗೆರೆಗಳ ಫಾರ್ ಮೊದಲು, ಈ ವರ್ಷ ಕೊನೆಗೆ.

ಕೆಲವು ದಿನದ ಅಂಕಿ ಇಲ್ಲ. ಗೆರೆ ದಿಢೀರನೆ ಸೊನ್ನೆಗೆ ಬಿದ್ದು ಮೇಲೇಳುತ್ತದೆ.

ಯಾರೋ ಖಾಲಿ ಜಾಗದಲ್ಲಿ ಸೊನ್ನೆ ತುಂಬಿದ್ದಾರೆ. ಕೆಆರ್‌ಎಸ್‌ನ ಮಟ್ಟ ಒಂದು ದಿನಕ್ಕೆ ಸೊನ್ನೆಯಾಗಿ ಮರುದಿನ 110 ಅಡಿ ಆಗುವುದಿಲ್ಲ, ಅಲ್ವಾ? ಮಟ್ಟಕ್ಕೆ, ಸಂಗ್ರಹಕ್ಕೆ ಸೊನ್ನೆ ಅಂದರೆ ಅಂಕಿ ಇಲ್ಲ ಅಂತಲೇ ತಿಳಿಯಿರಿ:

ಯೂಸಿಂಗ್ 1:($2>0 ? $2 : 1/0)

ಒಳಹರಿವಿಗೆ ಈ ಉಪಾಯ ಬೇಡ. ಬೇಸಿಗೆಯಲ್ಲಿ ಒಳಹರಿವು ನಿಜವಾಗಿಯೂ ಸೊನ್ನೆಯಾಗಬಹುದು.

ಇಲ್ಲಿ ಒಂದು ಸೂಕ್ಷ್ಮ ಇದೆ. ಗ್ನೂಪ್ಲಾಟ್ ಎರಡು ಬಗೆಯ "ಇಲ್ಲ"ಗಳನ್ನು ಬೇರೆಯಾಗಿ ನೋಡುತ್ತದೆ. 1/0 ತರಹದ ಅರ್ಥವಿಲ್ಲದ ಬೆಲೆ ಬಂದರೆ ಗೆರೆ ಅಲ್ಲಿ ಕಡಿಯುತ್ತದೆ. ಸೆಟ್ ಡೇಟಾಫೈಲ್ ಮಿಸ್ಸಿಂಗ್ ಮೂಲಕ ಹೇಳಿದ ಗುರುತು ಬಂದರೆ ಆ ಬಿಂದುವನ್ನು ಬಿಟ್ಟು ಗೆರೆ ಮುಂದೆ ಸಾಗುತ್ತದೆ. ಯಾವುದು ಸರಿ? ಒಂದೆರಡು ದಿನದ ಮಟ್ಟ ಇಲ್ಲದಿದ್ದರೆ ಗೆರೆ ಮುಂದುವರಿಯಲಿ, ನೀರು ಎಲ್ಲಿಗೂ ಹೋಗಿಲ್ಲ. ವಾರಗಟ್ಟಲೆ ಇಲ್ಲದಿದ್ದರೆ ಕಡಿಯಲೇಬೇಕು. ಜುಲೈ ತಿಂಗಳಲ್ಲಿ ಎರಡು ವಾರ ಅಂದರೆ ಜಲಾಶಯದ ಇಡೀ ವರ್ಷದ ಹಣೆಬರಹ, ಅಲ್ಲಿ ನಮಗೆ ಗೊತ್ತಿಲ್ಲದ್ದನ್ನು ನೇರ ಗೆರೆ ಎಳೆದು ಗೊತ್ತಿರುವ ಹಾಗೆ ತೋರಿಸಬಾರದು.

ಹೊಸ ಗೆರೆಯಲ್ಲಿ ವಿಚಿತ್ರವಾದ ನೆಗೆತ ಇದೆ. ಅಳಿಸಿಬಿಡಲಾ?

ಮೊದಲು ಅವತ್ತು ಏನಾಯಿತು ನೋಡಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರಸ್ಟ್‌ಗೇಟ್ ಸರಪಳಿ ತುಂಡಾಗಿ ಕೊಚ್ಚಿಹೋಯಿತು. ತುಂಬಿದ್ದ ಜಲಾಶಯದಿಂದ ನೀರು ಹೊರಬಿಡಬೇಕಾಯಿತು. ಆ ವಾರದ ಹೊರಹರಿವಿನ ಗೆರೆ ನೋಡಿದರೆ ಟೈಪ್ ಮಾಡುವಾಗ ಒಂದು ಅಂಕಿ ಹೆಚ್ಚು ಬಿದ್ದಂತೆ ಕಾಣಬಹುದು. ಅದು ತಪ್ಪಲ್ಲ, ಆ ವರ್ಷದ ಗ್ರಾಫಿನಲ್ಲಿ ಉಳಿಯಲೇಬೇಕಾದದ್ದೇ ಅದು.

ನಿಜವೋ ತಪ್ಪೋ ತಿಳಿಯಲು ಒಂದು ಒಳ್ಳೆಯ ಪರೀಕ್ಷೆ ಇದೆ. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. ದಿನಕ್ಕೆ 86400 ಸೆಕೆಂಡು. ಹಾಗಾಗಿ ದಿನವಿಡೀ ಸುಮಾರು 11574 ಕ್ಯೂಸೆಕ್ ಹರಿದರೆ ಒಂದು ಟಿಎಂಸಿ. ಒಳಹರಿವಿನಲ್ಲಿ ಹೊರಹರಿವು ಕಳೆದು 11574ರಿಂದ ಭಾಗಿಸಿ, ಸ್ಮೂತ್ ಕ್ಯುಮುಲೇಟಿವ್ ಹಾಕಿ ಕೂಡಿಸುತ್ತಾ ಹೋಗಿ:

'' ಯೂಸಿಂಗ್ 1:(($4-$5)/11574) ಸ್ಮೂತ್ ಕ್ಯುಮುಲೇಟಿವ್

ಈ ಗೆರೆ ಸಂಗ್ರಹದ ಗೆರೆಯ ಹಾಗೇ ಏರಿಳಿಯಬೇಕು. ಆರಂಭದ ಸಂಗ್ರಹ ಸೇರಿಸದ ಕಾರಣ ಕೆಳಗೆ ಇರುತ್ತದೆ, ಪರವಾಗಿಲ್ಲ, ಆಕಾರ ನೋಡಿ. ಬೇಸಿಗೆಯಲ್ಲಿ ಸ್ವಲ್ಪ ಸ್ವಲ್ಪವೇ ದೂರ ಸರಿದರೆ ಆವಿಯಾದದ್ದು ಇರಬಹುದು. ಒಂದೇ ದಿನದಲ್ಲಿ ದೊಡ್ಡದಾಗಿ ದೂರವಾದರೆ ಆ ದಿನದ ಅಂಕಿ ನೋಡಿ. ತಿಂಗಳುಗಟ್ಟಲೆ ಒಂದೇ ದಿಕ್ಕಿಗೆ ಜೋರಾಗಿ ಸರಿಯುತ್ತಿದ್ದರೆ ನಿಮ್ಮ ಹೊರಹರಿವಿನ ಕಾಲಂನಲ್ಲಿ ಕಾಲುವೆಗಳಿಗೆ ಬಿಟ್ಟ ನೀರು ಸೇರಿಲ್ಲದಿರಬಹುದು. ಹೊಸ ಜಲಾಶಯ ಸೇರಿಸಿದಾಗಲೆಲ್ಲ ಇದನ್ನೊಂದು ಸಲ ಮಾಡಿ ನೋಡಿ, ನಿಜಕ್ಕೂ ಉಪಯೋಗಕ್ಕೆ ಬರುತ್ತದೆ.

ನಾಲ್ಕು ಜಲಾಶಯಗಳ ಒಟ್ಟು ಸಂಗ್ರಹ ಒಂದೇ ಗೆರೆಯಾಗಿ ಬೇಕು.

ಗ್ನೂಪ್ಲಾಟ್ ಎರಡು ಫೈಲುಗಳನ್ನು ದಿನಾಂಕ ನೋಡಿ ಜೋಡಿಸುವುದಿಲ್ಲ. ಆ ಕೆಲಸವನ್ನು ಹೊರಗೆ ಮಾಡಿಸಿ. ಲಿನಕ್ಸ್‌ನಲ್ಲಿ ಜಾಯಿನ್ ಆಜ್ಞೆ ಇದೆ, ಒಂದು ಸಲಕ್ಕೆ ಎರಡು ಫೈಲು ಜೋಡಿಸುತ್ತದೆ. ಫೈಲ್ ಹೆಸರಿನ ಜಾಗದಲ್ಲಿ ಉದ್ಧರಣದೊಳಗೆ '<' ಚಿಹ್ನೆ ಹಾಕಿ ಆ ಆಜ್ಞೆಯನ್ನೇ ಬರೆದರೆ ಗ್ನೂಪ್ಲಾಟ್ ಅದರ ಫಲಿತವನ್ನು ಫೈಲಿನಂತೆ ಓದುತ್ತದೆ. ಜಾಯಿನ್‌ಗೆ ಸಾಲುಗಳು ಅಕ್ಷರ ಕ್ರಮದಲ್ಲಿ ಇರಬೇಕು. ವರ್ಷ-ತಿಂಗಳು-ದಿನ ಇಟ್ಟವರಿಗೆ ಇಲ್ಲಿ ಏನೂ ತೊಂದರೆಯಿಲ್ಲ, ದಿನ-ತಿಂಗಳು-ವರ್ಷ ಇಟ್ಟವರು ಮೊದಲು ಫೈಲ್ ಸರಿ ಮಾಡಬೇಕು. ಪೇಸ್ಟ್ ಆಜ್ಞೆ ಮಾತ್ರ ಬಳಸಬೇಡಿ. ಅದು ಸಾಲಿನ ಸಂಖ್ಯೆ ನೋಡಿ ಅಂಟಿಸುತ್ತದೆ, ಒಂದು ಫೈಲಿನಲ್ಲಿ ಒಂದು ದಿನ ಬಿಟ್ಟುಹೋಗಿದ್ದರೆ ಅಲ್ಲಿಂದ ಮುಂದೆ ಇವತ್ತಿನ ಕೆಆರ್‌ಎಸ್‌ಗೆ ನಾಳೆಯ ಕಬಿನಿ ಸೇರುತ್ತದೆ.

ಗೆರೆಯ ಹೆಸರು ಕನ್ನಡದಲ್ಲಿ ಕೊಟ್ಟರೆ ಒತ್ತಕ್ಷರ ಒಡೆದು ಬರುತ್ತದೆ.

ಪಿಎನ್‌ಜಿ ಟರ್ಮಿನಲ್ (ಗ್ನೂಪ್ಲಾಟ್ ಚಿತ್ರ ಬರೆಯುವ ಬಗೆ) ಬಿಟ್ಟು ಪಿಎನ್‌ಜಿಕೈರೋ ಬಳಸಿ. ಅದು ಪ್ಯಾಂಗೋ ಎಂಬ ತಂತ್ರಾಂಶದ ಮೂಲಕ ಅಕ್ಷರ ಜೋಡಿಸುತ್ತದೆ, "ಮಟ್ಟ", "ಸಂಗ್ರಹ" ಎಲ್ಲ ಸರಿಯಾಗಿ ಬರುತ್ತವೆ. ಫಾಂಟ್ ನೋಟೋ ಸ್ಯಾನ್ಸ್ ಕನ್ನಡ ಕೊಡಿ, ಸೆಟ್ ಎನ್‌ಕೋಡಿಂಗ್ ಯುಟಿಎಫ್8 ಹಾಕಿ. ವೆಬ್‌ಪುಟಕ್ಕೆ ಆದರೆ ಎಸ್‌ವಿಜಿ ಇನ್ನೂ ಒಳ್ಳೆಯದು, ಅಕ್ಷರ ಜೋಡಿಸುವ ಕೆಲಸ ಬ್ರೌಸರ್ ನೋಡಿಕೊಳ್ಳುತ್ತದೆ.

ಇನ್ನು ಹೆಸರಿನಲ್ಲಿ ಅಡಿಗೆರೆ ಇದ್ದರೆ ಮುಂದಿನ ಅಕ್ಷರ ಚಿಕ್ಕದಾಗಿ ಕೆಳಗಿಳಿಯುತ್ತದೆ. ಫೈಲ್ ಹೆಸರನ್ನೇ ಟೈಟಲ್ ಮಾಡಿದಾಗ ಹೀಗಾಗುತ್ತದೆ. ಟೈಟಲ್ ಪಕ್ಕ ನೋಎನ್‌ಹ್ಯಾನ್ಸ್ಡ್ ಸೇರಿಸಿ.

ಕೈಯಲ್ಲಿ ಓಡಿಸಿದರೆ ಸರಿ, ಕ್ರಾನ್‌ನಲ್ಲಿ (ಹೇಳಿದ ಹೊತ್ತಿಗೆ ಸ್ಕ್ರಿಪ್ಟನ್ನು ತಾನಾಗಿ ಓಡಿಸುವ ವ್ಯವಸ್ಥೆ) ಹಾಕಿದರೆ ಹೊಸ ಗೆರೆ ಬರೋದಿಲ್ಲ.

ಮೂರು ಕಾರಣಗಳನ್ನು ಈ ಕ್ರಮದಲ್ಲೇ ನೋಡಿ. ಒಂದು, ಕ್ರಾನ್ ನಿಮ್ಮ ಫೋಲ್ಡರಿನಲ್ಲಿ ಓಡುವುದಿಲ್ಲ, ಫೈಲ್‌ಗಳಿಗೆ ಪೂರ್ತಿ ದಾರಿ ಕೊಡಿ. ಫೈಲ್ ಸಿಗದಿದ್ದರೆ ಒಂದು ಎಚ್ಚರಿಕೆ ಬರೆದು ಉಳಿದ ಗೆರೆಗಳನ್ನು ಎಳೆದು ಮುಗಿಸುತ್ತದೆ, ಆ ಎಚ್ಚರಿಕೆಯನ್ನು ನೋಡಲು ಅಲ್ಲಿ ಯಾರೂ ಇರುವುದಿಲ್ಲ. ದೋಷಗಳನ್ನು ಒಂದು ಲಾಗ್ ಫೈಲಿಗೆ ಕಳಿಸಿ. ಎರಡು, ಕ್ರಾನ್‌ಟ್ಯಾಬ್ (ಕ್ರಾನ್‌ನ ಕೆಲಸಗಳ ಪಟ್ಟಿ) ಸಾಲಿನಲ್ಲಿ ಶೇಕಡಾ ಚಿಹ್ನೆ ಇದ್ದರೆ ಆಜ್ಞೆ ಅಲ್ಲಿಗೇ ಮುರಿಯುತ್ತದೆ. ದಿನಾಂಕದ ರೂಪ ಬರೆಯುವಾಗ ಆ ಚಿಹ್ನೆ ಬಂದೇ ಬರುತ್ತದೆ, ಆದ್ದರಿಂದ ಅದನ್ನೆಲ್ಲ ಸ್ಕ್ರಿಪ್ಟ್ ಫೈಲಿನೊಳಗೆ ಇಡಿ, ಕ್ರಾನ್‌ಟ್ಯಾಬಿನಲ್ಲಿ ಸ್ಕ್ರಿಪ್ಟಿನ ಹೆಸರು ಮಾತ್ರ ಇರಲಿ. ಮೂರು, ಗ್ರಾಫ್ ಬರೆಯುವ ಹೊತ್ತಿಗೆ ಹೊಸ ಡೇಟಾ ಇಳಿದಿರಬೇಕು. ಇಳಿಸುವುದಕ್ಕೊಂದು, ಬರೆಯುವುದಕ್ಕೊಂದು ಬೇರೆ ಬೇರೆ ಸಮಯ ಇಡುವ ಬದಲು ಒಂದೇ ಸ್ಕ್ರಿಪ್ಟಿನಲ್ಲಿ ಒಂದಾದ ಮೇಲೊಂದು ಮಾಡಿಸಿ.

ಒಂದು ಗ್ರಾಫಿನಲ್ಲಿ ಎಷ್ಟು ಗೆರೆ ಹಾಕಬಹುದು?

ಗ್ನೂಪ್ಲಾಟ್ ಎಷ್ಟಾದರೂ ಎಳೆಯುತ್ತದೆ. ಬಣ್ಣದ ಗೆರೆಗಳು ನಾಲ್ಕೈದು ದಾಟಿದರೆ ಮೊಬೈಲಿನಲ್ಲಿ ನೋಡುವವರಿಗೆ ಕಷ್ಟ. ಕಾವೇರಿಯ ನಾಲ್ಕು ಒಂದು ಗ್ರಾಫ್, ಕೃಷ್ಣೆಯ ಕಡೆಯವು ಇನ್ನೊಂದು ಗ್ರಾಫ್ ಮಾಡಿ. ಎರಡಕ್ಕೂ ಒಂದೇ ಸ್ಕ್ರಿಪ್ಟ್ ಸಾಕು: ಗ್ನೂಪ್ಲಾಟ್ ಓಡಿಸುವಾಗ ಮೈನಸ್ ಸಿ ಹಾಕಿ ಸ್ಕ್ರಿಪ್ಟಿನ ಹೆಸರಿನ ನಂತರ ಉದ್ಧರಣದೊಳಗೆ ಜಲಾಶಯಗಳ ಪಟ್ಟಿ ಕೊಟ್ಟರೆ, ಅದು ಒಳಗೆ ಎಆರ್‌ಜಿ1 ಎಂಬ ಹೆಸರಿನಲ್ಲಿ ಸಿಗುತ್ತದೆ. ಫಾರ್ ಅದರ ಮೇಲೆ ಸುತ್ತಲಿ. ಇದಕ್ಕೆ 5.0 ಅಥವಾ ಅದಕ್ಕಿಂತ ಹೊಸ ಆವೃತ್ತಿ ಬೇಕು.